ಆತಗೂರಿಗೆ ಓಗು

ಗುತ್ತಲು, ಮಂಡ್ಯ
೧೦-೬-೧೯೪೫

ಪೂರಿಗಾಲಿ ಶಾಲೆಯ ಮೇಷ್ಟ್ರು ಚಲುವರಾಜು ಅವರಿಗೆ,

ಬಾಬು ಜಾನ್ ಅವರ ಮಗ ಖಾಸಿಂ ಬರೆಯುವುದು. ಬರೀ ಹೆಸರಿಗೆ ಗುರುತು ಹತ್ತದೆ ಹೋದರೆ ಕಲಾಯಿ ಬಾಬು ಜಾನ್ ಎಂದುಕೊಳ್ಳಿ, ಹತ್ತೀತು. ಏಳು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ಸಮಾಚಾರ ಎಂದು ಶುರು ಮಾಡೋಣವೆಂದರೆ ಕ್ಷೇಮವಿಲ್ಲ, ಸಮಾಚಾರ ಮಾತ್ರ ಇದೆ.

ನಾನೀಗ ಇಲ್ಲಿ ಬಸ್ಸು ರಿಪೇರಿ ಮಾಡುತ್ತೇನೆ. ಯುದ್ಧದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲು ಗ್ಯಾಸಿಗೆ ಬಂದವಲ್ಲ, ಆ ಇದ್ದಿಲಿನ ಒಲೆ ಕೆರೆದು ಚೊಕ್ಕಟ ಮಾಡುವುದು ನನ್ನ ಪಾಲಿನ ಕೆಲಸ. ಮದುವೆಯಾಗಿದೆ. ಹೆಂಡತಿ ತಾಹೇರಾ, ಮೂರು ವರ್ಷದ ಮಗಳು ಸುರಯ್ಯಾ.

ಹೊಟ್ಟೆಹುಣ್ಣು ಮತ್ತೆ ಎದ್ದಿದೆ. ಉಂಡರೆ ಒಂದು ಉರಿ, ಉಣ್ಣದಿದ್ದರೆ ಇನ್ನೊಂದು ಉರಿ. ಸ್ಪ್ಯಾನರು ಹಿಡಿದು ಬಗ್ಗಿದರೆ ಎದ್ದೇಳುವುದಕ್ಕೆ ಆಗುವುದಿಲ್ಲ. ಇಲ್ಲಿನ ಡಾಕ್ಟರು ಒಳ್ಳೆಯವರು. ಹಾಲು ಅನ್ನ ಬಿಟ್ಟು ಬೇರೇನೂ ಮುಟ್ಟಬೇಡ, ಮಾಯದಿದ್ದರೆ ಮೈಸೂರಿಗೆ ಹೋಗಿ ಕೊಯ್ಯಿಸಿಕೊಳ್ಳಬೇಕು ಎಂದಿದ್ದಾರೆ. ಕೊಯ್ಯುವ ಮಾತೆತ್ತಿದರೆ ತಾಹೇರಾ ಮಗುವನ್ನು ತಬ್ಬಿಕೊಂಡು ಕೂರುತ್ತಾಳೆ. ಈ ಕಾಗದ ಬರೆಸುತ್ತಿರುವವಳೂ ಅವಳೇ.

ನಿಮ್ಮ ತಾಯಿಯವರು ಹೊಟ್ಟೆಹುಣ್ಣಿಗೆ ಕೊಡುವ ಮದ್ದಿನ ಸೊಪ್ಪು ಬೇರುಗಳ ಹೆಸರು, ಅಳತೆ ಬರೆದು ಕಳುಹಿಸಿದರೆ ಉಪಕಾರ. ನಾನೇ ಹುಡುಕಿ ಅರೆದು ಕುಡಿಯುತ್ತೇನೆ. ಅವರನ್ನು ಮಾತ್ರ ಕೇಳಬೇಡಿ. ಯಾಕೆಂದು ಅವರು ಹೇಳಿರಬಹುದು. ಹೇಳದಿದ್ದರೆ ನಾನು ಹೇಳುತ್ತೇನೆ.

ಮೂವತ್ತೆಂಟರಲ್ಲಿ ಈ ಹುಣ್ಣು ಮೊದಲ ಸಲ ಕಂಡಾಗ ಒಂದು ಭಾನುವಾರ ಪೂರಿಗಾಲಿಗೆ ಬಂದೆ. ನೀವು ಮೇಷ್ಟ್ರ ತರಬೇತಿಗೆ ಮೈಸೂರಿನಲ್ಲಿದ್ದಿರಿ. ಎಲೆ ಅಡಿಕೆ, ತೆಂಗಿನಕಾಯಿ ಹಿಡಿದು, ಎಲ್ಲರಂತೆ ನಿಮ್ಮ ಜಗಲಿಯ ಮೇಲೆ ಸಾಲಿನಲ್ಲಿ ಕೂತೆ. ನನ್ನ ಸರದಿ ಬಂದಾಗ ಅವರು ನನ್ನ ಮುಖ ನೋಡಿದರು, ಮಡಿಲಲ್ಲಿದ್ದ ಎಲೆ ಅಡಿಕೆ ನೋಡಿದರು. "ನಿಂಗೆ ನಾನು ಕೊಡಾಕಿಲ್ಲ. ಏಳ್ಲಾ ಮೇಲೆ. ಆತಗೂರಿಗೆ ಓಗು" ಎಂದರು. ಅಷ್ಟು ಜನರ ಮುಂದೆ. ಎಲ್ಲೋ ಮದ್ದೂರಿನ ಕಡೆಯ ಊರದು, ಅಲ್ಲಿ ನನಗೆ ಯಾರಿದ್ದಾರೆ? ಪಕ್ಕದಲ್ಲಿದ್ದ ಹೆಂಗಸು "ನಮ್ಮೋರ್ಗೇ ಸಾಲಾಕಿಲ್ಲ, ಸಾಬ್ರುಗೆ ಎಲ್ಲಿಂದ ಕೊಟ್ಟಾರು" ಎಂದು ನಕ್ಕಳು. ನಿಮ್ಮ ತಾಯಿಯವರು ಅವಳಿಗೆ ಏನೂ ಅನ್ನದೆ ಎದ್ದು ಒಳಗೆ ಹೋದರು. ನಾನು ಎದ್ದು ಬಂದುಬಿಟ್ಟೆ.

ಹುಣ್ಣು ಆಗ ತಾನಾಗಿಯೇ ಆರಿತು. ಆ ಮಾತು ಆರಲಿಲ್ಲ. ಆಮೇಲೆ ನೀವು ಬರೆದ ಎರಡು ಕಾಗದಗಳನ್ನು ಓದದೆ ಹರಿದದ್ದು ಇದಕ್ಕೇ. ನಿಮ್ಮದೇನೂ ತಪ್ಪಿರಲಿಲ್ಲ.

ಇಂತಿ,
ಬಾಬು ಜಾನ್ ಅವರ ಮಗ
ಖಾಸಿಂ

&nbsp;

ಪೂರಿಗಾಲಿ
೨೪-೬-೧೯೪೫

ಲೇ ಖಾಸಿಂ,

ನಿನ್ನ ಕಾಗದ ಬಂದಾಗ ಮಕ್ಕಳಿಗೆ ಹದಿನಾರರ ಮಗ್ಗಿ ಹೇಳಿಸುತ್ತಿದ್ದೆ. ಹದಿನಾರಾರಲ ತೊಂಬತ್ತಾರಕ್ಕೆ ಮಗ್ಗಿ ನಿಂತಿತು. ಶಾಲೆಗೆ ಅರ್ಧ ದಿನ ರಜೆ ಕೊಟ್ಟು ಹೊಂಗೆಮರದ ಕೆಳಗೆ ಕೂತು ಓದಿದೆ. ಮೊದಲು ಖುಷಿಯಾಯಿತು, ಆಮೇಲೆ ನಿನ್ನನ್ನು ಹಿಡಿದು ಬಡಿಯಬೇಕು ಎನ್ನಿಸಿತು. 'ಮೇಷ್ಟ್ರು ಚಲುವರಾಜು ಅವರಿಗೆ' ಅಂತೆ! 'ನಿಮ್ಮ ತಾಯಿಯವರು' ಅಂತೆ! ಯಾರಯ್ಯ ಅದು? ಬೆಟ್ಟಮ್ಮ ಅನ್ನುವ ಒಬ್ಬಳು ನನ್ನ ಅವ್ವ. ಅವಳನ್ನು ನಾಲ್ಕು ವರ್ಷ ನೀನೂ ಅವ್ವ ಎಂದೇ ಕರೆದವನು.

ನಿಮ್ಮಮ್ಮ ತೀರಿಕೊಂಡ ಮೇಲೆ ಬಾಬು ಜಾನ್ ಮಾಮ ಕಲಾಯಿ ಹಾಕುವ ತಿದಿ, ನವಸಾಗರ ಎಲ್ಲ ಕತ್ತೆಯ ಮೇಲೆ ಹೇರಿಕೊಂಡು ನಿನ್ನ ಕೈ ಹಿಡಿದು ನಮ್ಮ ಬಾಗಿಲಿಗೆ ಬಂದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಅವ್ವನ ಮದ್ದಿನ ತಾಮ್ರದ ಚೆಂಬಿಗೆ ಕಲಾಯಿ ಹಾಕುತ್ತಾ, "ಊರೂರು ಸುತ್ತೋನು, ಈ ಹುಡುಗನ್ನ ಎಲ್ಲಿ ಬಿಡ್ಲಿ ಬೆಟ್ಟಮ್ಮ?" ಎಂದರು. ಅವ್ವ ಚೆಂಬಿನ ಒಳಗೆ ನೋಡುತ್ತಲೇ "ಇಲ್ಲೇ ಬುಡು" ಎಂದಳು. ಅಷ್ಟೇ ಮಾತು. ಆವತ್ತು ಸಾಯಂಕಾಲ ನನ್ನ ಚಾಪೆಯ ಅರ್ಧ ನಿನ್ನದಾಯಿತು. ನಾನು ಒಂದು ವಾರ ಅತ್ತೆ.

ನಮ್ಮಿಬ್ಬರ ಕಣ್ಣಿಗೆ ಸೆರಗು ಕಟ್ಟಿ ಅವ್ವ ಸೊಪ್ಪು ಮೂಸಿಸುತ್ತಿದ್ದಳಲ್ಲ, ನೆನಪಿದೆಯೇ? ನೀನು ಒಂದು ಸಲವೂ ತಪ್ಪಲಿಲ್ಲ. ನಾನು ಒಂದೆಲಗವನ್ನು ಕರಿಬೇವು ಎಂದು ಹೇಳಿ ತಲೆಗೆ ಮೊಟಕಿಸಿಕೊಂಡೆ. ಹಾಗಾಗಿ ಮದ್ದಿನ ಹೆಸರು ನನ್ನನ್ನು ಕೇಳಿದರೆ ನನಗೇನು ಗೊತ್ತು? ಅವ್ವ ಯಾರಿಗೂ ಹೇಳಿಲ್ಲ. ಅವಳ ಅತ್ತೆ ಅವಳಿಗೆ ಹೇಳಿದ್ದು, ಈಗ ನಮ್ಮ ಮನೆಯಲ್ಲಿ ಅವಳೊಬ್ಬಳಲ್ಲೇ ಇದೆ. ಕಣ್ಣಿಗೆ ಪೊರೆ ಬಂದಿದೆ. ಬೇಲಿಯಲ್ಲಿ ಕೈಯಾಡಿಸಿ, ಮೂಸಿ, ನಾಲಗೆಯಲ್ಲಿಟ್ಟು ನೋಡಿಯೇ ಸೊಪ್ಪು ಕೀಳುತ್ತಾಳೆ.

ಕೇಳಬೇಡ ಎಂದು ನೀನು ಬರೆದಿದ್ದೆ, ಆದರೂ ಅವ್ವನನ್ನು ಕೇಳಿದೆ. ಸುಳ್ಳು ಬರೆಯುವುದಿಲ್ಲ. ರಾಗಿ ಕೇರುತ್ತಾ ಕೂತಿದ್ದಳು. ನಿನ್ನ ಕಾಗದವನ್ನು ಪೂರ್ತಿ ಓದಿ ಹೇಳಿದೆ. ಮೊರ ನಿಲ್ಲಿಸಿದಳು. "ಅವುನ್ಗೆ ನಾನು ಕೊಡಾಕಿಲ್ಲ ಅಂತ ಆವತ್ತೇ ಏಳಿವ್ನಿ" ಎಂದಳು. ಯಾಕವ್ವ ಎಂದೆ. "ಕಾಗ್ದ ನಂಗೆ ಬರ್ದವ್ನಾ? ನಿಂಗೆ ಬರ್ದವ್ನೆ. ನೀನೇ ಕೊಡು" ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು. ಆವತ್ತು ನನ್ನ ತಟ್ಟೆಗೆ ಮುದ್ದೆ ಕುಕ್ಕಿದ ರಭಸ ನೋಡಬೇಕಿತ್ತು.

ನನಗೆ ನಾಚಿಕೆಯಾಗಿದೆ. ಬೇರೇನು ಬರೆಯಲಿ? ನೀನೇ ಒಂದು ಸಲ ಬಾ. ಎದುರಿಗೆ ನಿಂತರೆ ಕರಗಬಹುದು.

ನಿನ್ನ
ಚಲುವ

&nbsp;

ಗುತ್ತಲು, ಮಂಡ್ಯ
೮-೭-೧೯೪೫

ಚಲುವರಾಜು,

ಬರುವುದಿಲ್ಲ. ಒಂದು ಸಲ ಎಬ್ಬಿಸಿ ಕಳಿಸಿದ ಜಗಲಿಯ ಮೇಲೆ ಎರಡನೆಯ ಸಲ ಕೂರುವವನು ನಾನಲ್ಲ.

ನಿನ್ನ ಕಾಗದ ಬರುವವರೆಗೂ ಒಂದು ಆಸೆ ಇತ್ತು. ಆ ಹೆಂಗಸಿನ ಮಾತು ಆ ಹೆಂಗಸಿನದು, ಅವ್ವನ ಮನಸ್ಸಿನದಲ್ಲ ಎಂದು. ಆ ಮನೆಯಲ್ಲಿ ನನಗೆ ಯಾವತ್ತೂ ಬೇರೆ ತಟ್ಟೆ ಇಡಲಿಲ್ಲ. ಶುಕ್ರವಾರ ಮಳವಳ್ಳಿಯ ಮಸೀದಿಗೆ ಹೋಗಬೇಕೆಂದರೆ ತಲೆಗೆ ಎಣ್ಣೆ ಹಚ್ಚಿ, ಯಾರದಾದರೂ ಗಾಡಿ ನೋಡಿ ಹತ್ತಿಸುತ್ತಿದ್ದರು. ನನಗೆ ಸಿಡುಬು ಬಂದಾಗ ಬೇವಿನಸೊಪ್ಪು ಹಿಡಿದು ಹನ್ನೊಂದು ದಿನ ಪಕ್ಕದಲ್ಲಿ ಕೂತಿದ್ದರು. ಅದೆಲ್ಲ ತಾಯಿಯಿಲ್ಲದ ಹುಡುಗನಿಗೆ ಹಾಕಿದ ಅನ್ನ ಎಂದು ಈಗ ಅರ್ಥವಾಯಿತು. ಅದಕ್ಕೂ ನಾನು ಋಣಿಯೇ. ಆದರೆ ನಾನು ಅದನ್ನು ಬೇರೆ ಏನೋ ಎಂದುಕೊಂಡು ಬೆಳೆದೆ. ನೋಯುತ್ತಿರುವುದು ಅದು.

ಹೋದ ಮಂಗಳವಾರ ವಾಂತಿಯಲ್ಲಿ ಕಾಫಿ ಚರಟದಂಥದ್ದು ಬಂತು. ಅದು ರಕ್ತ ಎಂದು ಡಾಕ್ಟರು ಹೇಳಿದರು. ಇನ್ನು ಇದು ನನ್ನ, ಡಾಕ್ಟರ ಮತ್ತು ಅಲ್ಲಾಹನ ನಡುವಿನ ಮಾತು. ನೀನು ಬರೆಯಬೇಡ.

ಖಾಸಿಂ

&nbsp;

ಪೂರಿಗಾಲಿ
೧೮-೧೧-೧೯೪೫

ಖಾಸಿಂ,

ಬರೆಯಬೇಡ ಎಂದಿದ್ದೆ. ಬರೆಯುತ್ತಿದ್ದೇನೆ. ಇದನ್ನು ಹರಿಯುವ ಮುಂಚೆ ತಾಹೇರಾ ಅವರ ಕೈಗಾದರೂ ಕೊಡು, ನಿನ್ನ ಕಾಲಿಗೆ ಬೀಳುತ್ತೇನೆ.

ನನ್ನ ಹೆಂಡತಿ ಮಲ್ಲಿಗಮ್ಮನಿಗೆ ದೀಪಾವಳಿಯ ಹೊತ್ತಿಗೆ ಹೊಟ್ಟೆ ಉರಿ ಶುರುವಾಯಿತು. ಮನೆಯಲ್ಲೇ ಮದ್ದಿದೆಯಲ್ಲ ಎಂದು ನಾನು ಧೈರ್ಯವಾಗಿದ್ದೆ. ಅವ್ವ ಒಂದು ಬೆಳಿಗ್ಗೆ "ಗಾಡಿ ಕಟ್ಟುಸ್ಲಾ, ಇವುಳ್ನ ಆತಗೂರಿಗೆ ಕರ್ಕಂಡೋಗು. ಮುದ್ದಮ್ಮುಂಗೆ ನಾನು ಕಳ್ಸುದ್ದು ಅಂತ ಏಳು" ಎಂದಳು. ಮುದ್ದಮ್ಮ ಆತಗೂರಿನಲ್ಲಿ ಇದೇ ಮದ್ದು ಕೊಡುವವಳು, ಅವ್ವನ ಅತ್ತೆಯ ಹತ್ತಿರವೇ ಕಲಿತವಳು. ನನಗೆ ರೇಗಿತು.

"ಅವ್ವ, ನಿನ್ನ ಜಗಲಿಗೆ ಕೊಳ್ಳೇಗಾಲದಿಂದ ಜನ ಬತ್ತಾರೆ. ಸ್ವಂತ ಸೊಸೇನ ಇಪ್ಪತ್ತು ಮೈಲಿ ಗಾಡೀಲಿ ಕುಲುಕಿಸ್ತೀಯಾ?"

"ಮನೆಯೋರ್ಗೆ ನಾನು ಅರೆಯಾಕಿಲ್ಲ."

"ಯಾಕೆ?"

ಒರಳಿನ ಮುಂದೆ ಕೂತಳು. ಆಮೇಲೆ ಹೇಳಿದಳು. "ನಿಮ್ಮಪ್ಪುಂಗೆ ಅರ್ದಿದ್ದೆ ಕಣ್ಲಾ. ಮನೆಯೋರ್ಗೆ ಅರೆಯೋವಾಗ ಕೈ ಅಳತೆ ತಪ್ತದೆ. ಬಿರ್ರನೆ ವಾಸಿ ಆಗ್ಲಿ ಅಂತ ವಸಿ ಜಾಸ್ತಿ ಬೀಳ್ತದೆ. ಜಾಸ್ತಿ ಬಿದ್ರೆ ಮದ್ದೇ ಇಸ. ನಮ್ಮತ್ತೆ ಬ್ಯಾಡ ಅಂದಿದ್ಲು, ನಾನು ಕೇಳ್ನಿಲ್ಲ."

ಅಪ್ಪ ನಿಂಗಯ್ಯ ನನಗೆ ಎರಡು ವರ್ಷವಾದಾಗ ಹೊಟ್ಟೆನೋವಿನಲ್ಲಿ ಹೋದ ಎಂದಷ್ಟೇ ನನಗೆ ಗೊತ್ತಿತ್ತು. ಇಪ್ಪತ್ತಾರು ವರ್ಷ ಇದನ್ನು ಹೊಟ್ಟೆಯೊಳಗಿಟ್ಟುಕೊಂಡು ಊರವರ ಹೊಟ್ಟೆ ವಾಸಿ ಮಾಡುತ್ತಿದ್ದಳು. ನನಗೆ ಕಾಮಾಲೆಯಾದಾಗಲೂ ಆತಗೂರಿಗೇ ಹೊತ್ತುಕೊಂಡು ಹೋಗಿದ್ದಳು. ಮುದ್ದಮ್ಮನ ಮದ್ದೇ ಬೇರೆ ಇರಬೇಕು ಎಂದುಕೊಂಡಿದ್ದೆ. ಪಾಠ ಹೇಳುವವನಿಗೆ ಮನೆಯ ಪಾಠ ಕೊನೆಗೆ ತಲೆಗೆ ಹತ್ತಿತು.

ಆಗ ನಿನ್ನ ನೆನಪು ಬಂತು. "ಅಂಗಾದ್ರೆ ಖಾಸಿಂಗೆ ಯಾಕೆ ಕೊಡ್ನಿಲ್ಲ?" ಎಂದೆ.

ಅವ್ವ ನನ್ನ ದನಿ ಬಂದ ಕಡೆಗೆ ತಿರುಗಿದಳು. "ಅವುನೇನು ಬೀದೀಲಿ ಉಟ್ಟವ್ನಾ?" ಎಂದಳು.

ಖಾಸಿಂ, ಆವತ್ತಿನ ಕಥೆಯನ್ನು ಅವಳ ಬಾಯಲ್ಲೇ ಕೇಳಿದೆ. ನೀನು ಸೀದಾ ಒಳಗೆ ಬಾರದೆ, ಎಲೆ ಅಡಿಕೆ ಕಾಯಿ ಹಿಡಿದು ಪರಸ್ಥಳದವನಂತೆ ಜಗಲಿಯಲ್ಲಿ ಕೂತದ್ದು ನೋಡಿ ಅವಳ ಕರುಳು ಉರಿಯಿತಂತೆ. ಆ ಸಿಟ್ಟಿನಲ್ಲಿ ಏಳು ಎಂದಳು, ಆತಗೂರಿಗೆ ಹೋಗು ಎಂದಳು. ಆ ಹೆಂಗಸಿನ ಮಾತು ಅವಳ ಕಿವಿಗೇ ಬಿದ್ದಿರಲಿಲ್ಲ. ಎದ್ದು ಒಳಗೆ ಹೋದದ್ದು ನಿನಗೆ ಅಂಬಲಿ ತರುವುದಕ್ಕೆ. ದಾರಿ ದೂರ, ಹಸಿದ ಹೊಟ್ಟೆಯಲ್ಲಿ ಹೋಗಬಾರದು ಎಂದು. ನಿನ್ನ ಹಳೆಯ ತಟ್ಟೆಯಲ್ಲೇ ಹುಯ್ದುಕೊಂಡು ಬಂದಳಂತೆ. ನೀನು ಇರಲಿಲ್ಲ. ಊರಾಚೆಯ ಹಿಪ್ಪೆಮರದವರೆಗೂ ತಟ್ಟೆ ಹಿಡಿದು ಹೋಗಿ, ಕೂಗಿ, ವಾಪಸು ಬಂದಳಂತೆ.

"ಅವುನ್ಗೆ ಏಳ್ಬೌದಾಗಿತ್ತಲ್ಲವ್ವ, ನೀನು ಮನೆ ಮಗ ಅದುಕ್ಕೆ ಕೊಡಾಕಿಲ್ಲ ಅಂತ" ಎಂದೆ.

"ಮಗುಂಗೆ ನೀನು ಮಗ ಅಂತ ಏಳ್ಬೇಕೇನ್ಲಾ? ಅಂಗೆ ಏಳುಸ್ಕಳೋನು ಎಂಥಾ ಮಗ?"

ನೀವಿಬ್ಬರೂ ಒಂದೇ ಜಾತಿ. ಬಾಯಿ ಬಿಟ್ಟು ಒಂದು ಮಾತು ಆಡುವ ಬದಲು ಏಳು ವರ್ಷ ಉರಿಯುತ್ತೀರಿ. ಈಗ ಕೈಮುಗಿದು ಕೇಳುತ್ತೇನೆ, ಆತಗೂರಿಗೆ ಹೋಗು. ಬದುಕಿದ್ದೀಯಾ ಎಂದು ಒಂದು ಸಾಲು ಬರೆ.

ಚಲುವ

&nbsp;

ಗುತ್ತಲು, ಮಂಡ್ಯ
೨೭-೧೧-೧೯೪೫
(ಕಾರ್ಡು)

ಚಲುವರಾಜು ಅಣ್ಣನವರಿಗೆ ತಾಹೇರಾಳ ಸಲಾಮು. ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಓದಿದ್ದೇನೆ, ತಪ್ಪಿದ್ದರೆ ಮನ್ನಿಸಿ. ನಿಮ್ಮ ಕಾಗದ ಇವರು ಒಡೆಯಲಿಲ್ಲ, ನಾನು ಒಡೆದೆ. ಇವರು ಮಲಗಿ ಹದಿನೈದು ದಿನವಾಗಿತ್ತು, ಕೆಲಸಕ್ಕೂ ಹೋಗಿಲ್ಲ. ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿ ಹೇಳಿದೆ. ಅಂಬಲಿ ತಟ್ಟೆಯ ಜಾಗಕ್ಕೆ ಬಂದಾಗ ಇವರು ಗೋಡೆಯ ಕಡೆಗೆ ತಿರುಗಿದರು. ಆ ಜಾಗವನ್ನೇ ಮೂರು ಸಲ ಓದಿಸಿದರು. ಆಮೇಲೆ ಎದ್ದು ಕೂತು, ಮದ್ದೂರಿಗೆ ಬಸ್ಸು ಎಷ್ಟು ಗಂಟೆಗೆ ಎಂದರು. ಬಸ್ಸು ರಿಪೇರಿ ಮಾಡುವವರು ನನ್ನನ್ನು ಬಸ್ಸಿನ ಟೈಮು ಕೇಳುತ್ತಾರೆ. ಭಾನುವಾರ ನಾನೂ ಜೊತೆಗೆ ಹೋಗುತ್ತೇನೆ. ಅವ್ವನಿಗೆ ನನ್ನ ಸಲಾಮು ಹೇಳಿ.

ತಾಹೇರಾ

&nbsp;

ಆತಗೂರು
೯-೧೨-೧೯೪೫

ಅವ್ವ,

ನಾನು ಖಾಸಿಂ. ಈ ಕಾಗದ ನಿನಗೇ. ಚಲುವ ಓದಿ ಹೇಳುತ್ತಾನೆ. ನಡುವೆ ಅವನು ತನ್ನ ಮಾತು ಸೇರಿಸಿದರೆ ನಂಬಬೇಡ.

ಮುದ್ದಮ್ಮನ ಮನೆಯ ಹಿತ್ತಲಲ್ಲಿ ಕೂತು ಬರೆಯುತ್ತಿದ್ದೇನೆ. ಹೋದ ಭಾನುವಾರ ಮೊದಲ ಸಲ ಬಂದೆ, ಇವತ್ತು ಎರಡನೆಯದು. ಹೋದ ವಾರ ಬಂದು ಜಗಲಿಯ ಮೇಲೆ ಕೂತೆ. ಇಲ್ಲಿ ನಾನು ಜಗಲಿಯವನೇ ಅಲ್ಲವೇ? ಮಂಡ್ಯದಿಂದ ಬಂದೆ, ಪೂರಿಗಾಲಿಯ ಬೆಟ್ಟಮ್ಮ ಕಳಿಸಿದ್ದು ಎಂದೆ. ಆಕೆ ಅರೆಯುವುದು ನಿಲ್ಲಿಸಿ "ಬೆಟ್ಟಕ್ಕನ ಮಂಡ್ಯದ ಮಗ ನೀನೇನಾ? ಏಳು ವರ್ಸ ಎಲ್ಲಿ ಸತ್ತಿದ್ಯೋ?" ಎಂದರು.

ಅಡಿಗೆಮನೆಯ ತೊಲೆಗೆ ಒಂದು ಗಂಟು ತೂಗುತ್ತಿತ್ತು. ನಿನ್ನ ಹಳೆಯ ಹಸಿರು ಸೀರೆಯ ಅಂಚು, ಅದನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. "ವರ್ಸವರ್ಸ ಕಾರ್ತೀಕದಲ್ಲಿ ಬೇರು ಅಗ್ದು ಒಣ್ಗುಸಿ ಕಳುಸ್ತಾಳೆ, ಮಂಡ್ಯದ ಮಗ ಬತ್ತಾನೆ ಮಡಗಿರು ಅಂತ. ನಾನು ಅಳೇದ್ನ ತಿಪ್ಪೆಗೆ ಆಕಿ ಒಸದ್ನ ನೇತಾಕದು. ಇದೇ ಆಗೋಯ್ತು" ಎಂದರು. ಏನು ಬೇರು ಎಂದೆ. "ಅಲವು ಮಕ್ಳ ತಾಯಿ ಬೇರು" ಎಂದರು. ಮಿಕ್ಕವು ಯಾವುವು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಹೆಸರು ಕೇಳಿದರು. ಖಾಸಿಂ ಎಂದೆ. ಒಂದು ಗಳಿಗೆ ನನ್ನನ್ನೂ ತಾಹೇರಾಳನ್ನೂ ನೋಡಿದರು. ನೀನು ಅದನ್ನು ಅವರಿಗೆ ಹೇಳೇ ಇರಲಿಲ್ಲ. ನಾನು ಎದ್ದು ಹೋಗುವುದಕ್ಕೆ ತಯಾರಾಗಿದ್ದೆ, ಅಭ್ಯಾಸವಾಗಿದೆಯಲ್ಲ. ಅವರು "ಎಸ್ರು ಏನಾರ ಆಗ್ಲಿ, ಕಾರ ತಿಂತೀಯಾ?" ಎಂದರು. ತಾಹೇರಾ ನನಗಿಂತ ಮುಂಚೆ "ಬಹಳ ತಿಂತಾರೆ" ಎಂದಳು. ಅವರಿಬ್ಬರೂ ಅವತ್ತಿನಿಂದ ಒಂದು ಪಾರ್ಟಿ.

ಬೆಳಿಗ್ಗೆ ಮದ್ದು, ಒಂದು ಗಂಟೆ ಬಿಟ್ಟು ಬೂದುಗುಂಬಳದ ರಸ, ಮಧ್ಯಾಹ್ನ ಬಸಳೆಸೊಪ್ಪಿನ ಸಪ್ಪೆ ಸಾರು, ಹಾಲು. ಹುಣಿಸೆಹಣ್ಣು, ಮೆಣಸಿನಕಾಯಿ, ಮಾಂಸ, ಹೊಗೆ ಯಾವುದೂ ಇಲ್ಲ. ಡಾಕ್ಟರನ್ನೂ ಬಿಟ್ಟಿಲ್ಲ. ಅವರು ಈ ಪಥ್ಯ ಕೇಳಿ, ನಾನು ಹೇಳಿದರೆ ಮಾಡಲಿಲ್ಲ, ಅಜ್ಜಿ ಹೇಳಿದರೆ ಮಾಡುತ್ತೀಯಾ ಎಂದು ಬೈದರು. ಇವತ್ತಿಗೆ ಎಂಟು ದಿನ. ನಿನ್ನೆ ಒಂದು ಹಿಡಿ ಅನ್ನ ಉಂಡೆ, ಉರಿಯಲಿಲ್ಲ. ಉರಿಯಲಿಲ್ಲ ಎಂದು ತಾಹೇರಾ ಅತ್ತಳು.

ಅವ್ವ, ಆವತ್ತು ಜಗಲಿಯಲ್ಲಿ ಕೂತದ್ದು ಅಹಂಕಾರಕ್ಕಲ್ಲ. ಮಂಡ್ಯಕ್ಕೆ ಕೆಲಸಕ್ಕೆ ಹೋದ ಮೇಲೆ ಮೂರು ವರ್ಷ ಊರಿಗೆ ಬಂದಿರಲಿಲ್ಲ, ಮೀಸೆ ಬಂದಿತ್ತು, ಸೀದಾ ಒಳಗೆ ಬರುವ ಸಲುಗೆ ಇನ್ನೂ ಇದೆಯೋ ಇಲ್ಲವೋ ಎಂದು ಹೆದರಿದೆ. ನೀನು ಒಳಗೆ ಬಾ ಎನ್ನಲಿ ಎಂದೇ ಅಲ್ಲಿ ಕೂತಿದ್ದೆ.

ನಿನ್ನ
ಖಾಸಿಂ

&nbsp;

ಪೂರಿಗಾಲಿ
೩-೧-೧೯೪೬

ಖಾಸಿಂ,

ನಿನ್ನ ಕಾಗದ ಓದಿ ಹೇಳಿದೆ. ಒಂದಕ್ಷರ ಸೇರಿಸಲಿಲ್ಲ, ದೇವರಾಣೆ. ಪೂರ್ತಿ ಕೇಳಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಹೊಗೆ ಎಂದಳು. ಒಲೆ ಹತ್ತಿಸಿರಲಿಲ್ಲ. ಆಮೇಲೆ, ಬರಕೋ ಎಂದಳು. ಅವಳು ಆಡಿದ ಹಾಗೆಯೇ ಬರೆದಿದ್ದೇನೆ, ವ್ಯಾಕರಣ ತಿದ್ದಿಲ್ಲ:

"ಕಾಸೀಮ, ನಾನು ಬೆಟ್ಟಮ್ಮ ಕಣ್ಲಾ. ಕಾಗ್ದ ಬಂತು. ಎಂಟು ದಿನುಕ್ಕೆ ಉರಿ ನಿಂತದೆ ಅಂತ ನೆಗೀಬ್ಯಾಡ, ಉಣ್ಣು ಮಾಯಾಕೆ ಮೂರು ತಿಂಗ್ಳು ಬೇಕು. ಮುದ್ದಿ ಕೊಟ್ಟಂಗೆ ಕುಡಿ. ಅವುಳು ಅರೆಯಾದು ವಸಿ ತರಿ, ನಾನಾಗಿದ್ರೆ ನುಣ್ಗೆ ಅರೀತಿದ್ದೆ, ಆದ್ರೂ ಕುಡಿ. ನಿನ್ನೆಂಡ್ರು ಒಳ್ಳೇವ್ಳು ಕಂಡಂಗೆ ಅದೆ. ಮಗ್ಳು ಎಂಗವ್ಳೆ? ಸಂಕ್ರಾಂತಿಗೆ ಎಲ್ರೂ ಬನ್ನಿ. ಜಗ್ಲಿ ಮ್ಯಾಲೆ ಕುಂತ್ಕಂಡ್ರೆ ಕಾಲು ಮುರೀತೀನಿ. ಸೀದಾ ಒಳೀಕೆ ಬಾ."

ಇಷ್ಟೇ. ಮುದ್ದಮ್ಮನ ಮದ್ದಿನಲ್ಲಿ ಮಲ್ಲಿಗಮ್ಮನ ಉರಿಯೂ ನಿಂತಿದೆ. ನಿನ್ನ ತಟ್ಟೆಯನ್ನು ಅವ್ವ ಅವಳ ಕೈಲಿ ಹುಣಿಸೆಹಣ್ಣು ಹಾಕಿ ಬೆಳಗಿಸುತ್ತಿದ್ದಾಳೆ. ಕಲಾಯಿ ಹೋಗಿದೆಯಂತೆ, ಬರುವಾಗ ಬಾಬು ಜಾನ್ ಮಾಮನ ಸಾಮಾನು ಇದ್ದರೆ ತಾ.

ಚಲುವ

&nbsp;

ಗುತ್ತಲು, ಮಂಡ್ಯ
೨-೯-೧೯೪೬

ಚಲುವ,

ಇದನ್ನು ಎದುರಿಗೆ ಕೇಳುವುದಕ್ಕೆ ಆಗದೆ ಬರೆಯುತ್ತಿದ್ದೇನೆ. ಸಂಕ್ರಾಂತಿಗೆ ಬಂದು ಹೋದ ಮೇಲೆ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದೇನೆ, ಅವ್ವ ನನ್ನನ್ನು ಬೇಲಿಯ ಕಡೆಗೆ ಕರೆದುಕೊಂಡು ಹೋಗುತ್ತಾಳೆ, ನೀನು ನೋಡಿದ್ದೀಯೆ. ಸುಮ್ಮನೆ ಕೈಹಿಡಿದು ನಡೆಸುವುದಕ್ಕೆ ಎಂದುಕೊಂಡಿದ್ದೆ. ನಿನ್ನೆ ಹೇಳಿದಳು, ಮದ್ದನ್ನು ನನಗೆ ಕೊಡುತ್ತಾಳಂತೆ. ಮದ್ದಿನ ಐದು ಸಾಮಾನೂ ಕೈಯಿಂದ ಮುಟ್ಟಿಸಿ, ಕಣ್ಣು ಮುಚ್ಚಿಸಿ ಮೂಸಿಸಿದಳು. ಅಳತೆಯನ್ನು ಬಾಯಲ್ಲಿ ಹೇಳಲಿಲ್ಲ. ನನ್ನ ಅಂಗೈ ಮೇಲೆ ಹಾಕಿ, ಈ ಭಾರ ನೆನಪಿಟ್ಟುಕೋ ಎಂದಳು.

ಅದು ನಿನ್ನದು. ನಿಮ್ಮಜ್ಜಿಯಿಂದ ಬಂದದ್ದು. ಊರಿನವರು ಆಗಲೇ ಜಗಲಿಕಟ್ಟೆಯಲ್ಲಿ ಮಾತಾಡುತ್ತಿದ್ದಾರೆ. ನಿನಗೆ ಒಂದಿಷ್ಟು ಬೇಸರವಿದ್ದರೂ ಹೇಳು, ನಾನು ಬೇಡ ಎನ್ನುತ್ತೇನೆ. ಒಂದು ಸಲ ಸುಮ್ಮನಿದ್ದು ಏಳು ವರ್ಷ ಕಳೆದುಕೊಂಡೆ. ಇನ್ನು ಸುಮ್ಮನಿರುವುದಿಲ್ಲ.

ಖಾಸಿಂ

&nbsp;

ಪೂರಿಗಾಲಿ
೯-೯-೧೯೪೬

ಲೇ ಪೆದ್ದ,

ಒಂದೆಲಗವನ್ನು ಕರಿಬೇವು ಎಂದವನ ಕೈಗೆ ಮದ್ದು ಕೊಟ್ಟರೆ ಅರ್ಧ ಮಳವಳ್ಳಿ ತಾಲ್ಲೂಕು ಖಾಲಿಯಾದೀತು. ನಾನೂ ಅವ್ವನನ್ನು ಕೇಳಿದೆ, ನನಗೇಕೆ ಹೇಳಲಿಲ್ಲ ಎಂದು. "ನಿನ್ ಬಾಯಿ ಸಂತೆ. ಅದೂ ಅಲ್ದೆ ಅಳತೆ ತಪ್ಪುದ್ರೆ ಏನಾಯ್ತದೆ ಅಂತ ಅವುನ್ಗೆ ಗೊತ್ತು, ಇಂಜಿನ್ನು ಬಿಚ್ಚಿ ಕಟ್ಟೋ ಕೈ" ಎಂದಳು. ಸ್ವಲ್ಪ ಬೇಸರವಾಯಿತು. ಮುಚ್ಚಿಡುವುದಿಲ್ಲ. ಊಟದ ಹೊತ್ತಿಗೆ ಹೋಯಿತು.

ಊರಿನ ಶಿವಯ್ಯ ಬಂದು, ಮನೆತನದ ಮದ್ದನ್ನು ಸಾಬರಿಗೆ ಕೊಟ್ಟೆಯಂತಲ್ಲ ಬೆಟ್ಟಮ್ಮ ಎಂದು ಕೇಳಿದ. ಅವ್ವ "ಮನೆತನದಲ್ಲೇ ಅದೆ. ನಿನ್ ಒಟ್ಟೆನೋವು ಎಂಗದೆ ಅದ ಏಳು" ಎಂದಳು. ಅವನು ಮದ್ದು ತೆಗೆದುಕೊಂಡು ಹೋದ. ಅದು ಹೋದ ಸಲ ಬಂದಾಗ ನೀನು ಅರೆದಿಟ್ಟದ್ದು ಎಂದು ಅವನಿಗೆ ಗೊತ್ತಿಲ್ಲ.

ಕಲಿತುಕೋ. ಅವಳ ಕೈ ಈಗೀಗ ನಡುಗುತ್ತದೆ.

ಚಲುವ

&nbsp;

ಪೂರಿಗಾಲಿ
೫-೧೦-೧೯೪೭

ಖಾಸಿಂ,

ಅವ್ವ ಹೋಗಿ ಏಳು ತಿಂಗಳಾಯಿತು. ಭಾನುವಾರ ಬೆಳಿಗ್ಗೆ ಎಚ್ಚರವಾದರೆ ಈಗಲೂ ಒರಳಿನ ಸದ್ದಿಗೆ ಕಿವಿ ಕೊಡುತ್ತೇನೆ. ಗೊತ್ತಿಲ್ಲದೆ ದೂರದಿಂದ ಬಂದ ಒಬ್ಬಿಬ್ಬರು ಇನ್ನೂ ಜಗಲಿಯಲ್ಲಿ ಕೂತಿರುತ್ತಾರೆ. ಗುತ್ತಲಿಗೆ ಹೋಗಿ ಎಂದು ನಿನ್ನ ವಿಳಾಸ ಬರೆದು ಕೊಡುತ್ತೇನೆ. ಮೊನ್ನೆ ಒಂದು ಮುದುಕಿ, ಅಲ್ಲಿ ಯಾರಿದ್ದಾರೆ ಎಂದು ಕೇಳಿದಳು. ಬೆಟ್ಟಮ್ಮನ ಮಂಡ್ಯದ ಮಗ ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಕಣ್ಣು ತುಂಬಿತು.

ಈಗ ನನ್ನದೇ ಸರದಿ. ಎರಡು ತಿಂಗಳಿಂದ ಹೊಟ್ಟೆ ಉರಿಯುತ್ತಿದೆ. ಅವ್ವ ಹೋದ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣುತ್ತಿಲ್ಲ ಎಂದು ಮಲ್ಲಿಗಮ್ಮ ಬೈಯುತ್ತಾಳೆ, ನಿಜವೂ ಹೌದು. ಹೋದ ವಾರ ಪಾಠ ಮಾಡುತ್ತಿದ್ದವನು ಬೋರ್ಡು ಹಿಡಿದುಕೊಂಡು ಬಗ್ಗಿಬಿಟ್ಟೆ.

ಮಳವಳ್ಳಿ ಬಸ್ಸಿನ ಡ್ರೈವರು ನಿನಗೆ ಗುರುತಿನವನೇ ಅಲ್ಲವೇ? ಅವನ ಕೈಲಿ ಒಂದು ಪೊಟ್ಟಣ ಕಳಿಸು. ಅವ್ವನ ಕಟ್ಟಳೆ ಎತ್ತಬೇಡ. ಆತಗೂರು ದೂರ, ಈ ಜವಾಬ್ದಾರಿ ಸರ್ಕಾರದ ಚಳವಳಿಯ ಗಲಾಟೆಯಲ್ಲಿ ಬಸ್ಸು ಇದ್ದರೆ ಇದೆ ಇಲ್ಲದಿದ್ದರೆ ಇಲ್ಲ, ಗಾಡಿಯಲ್ಲಿ ಕುಲುಕಿಸಿಕೊಂಡು ಹೋಗುವ ಶಕ್ತಿ ನನಗಿಲ್ಲ. ಕಟ್ಟಳೆಯ ಪ್ರಕಾರವೇ ಹೋದರೂ ನಾವಿಬ್ಬರು ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲ, ಒಂದೇ ಮನೆಯಲ್ಲಿಯೂ ಇಲ್ಲ. ನಿನ್ನ ಲೆಕ್ಕಕ್ಕೆ ನಾನು ಹೊರಗಿನವನೇ. ಹಾಗೆಂದುಕೊಂಡು ಅರೆದುಬಿಡು. ಬೇಕಾದರೆ ಎಲೆ ಅಡಿಕೆ ಹಿಡಿದುಕೊಂಡು ನಾನೇ ಬಂದು ನಿನ್ನ ಜಗಲಿಯಲ್ಲಿ ಕೂರುತ್ತೇನೆ.

ನಿನ್ನ
ಚಲುವ

&nbsp;

ಗುತ್ತಲು, ಮಂಡ್ಯ
೧೨-೧೦-೧೯೪೭

ಚಲುವ,

ನಿನ್ನ ಕಾಗದ ಓದಿ ಕೋಪ ಬಂತು. ಆಮೇಲೆ ಹೆದರಿಕೆ ಬಂತು. ತಾಹೇರಾ ಬೆಳಿಗ್ಗೆಯಿಂದ ಎರಡು ಸಲ ಕೇಳಿದಳು, ಅಣ್ಣನಿಗೆ ಎಷ್ಟು ದಿನದಿಂದ ಉರಿಯಂತೆ ಎಂದು.

ಇವತ್ತು ಭಾನುವಾರ. ಜಗಲಿಯಲ್ಲಿ ಹನ್ನೊಂದು ಜನ ಇದ್ದರು. ಅದರಲ್ಲಿ ಒಬ್ಬರು, ಕಾಲ ಹೀಗಿದೆಯಲ್ಲ, ನೀವೂ ಎಲ್ಲಾದರೂ ಹೊರಟುಬಿಡುತ್ತೀರಾ ಎಂದು ಮೆಲ್ಲಗೆ ಕೇಳಿದರು. ಮುಂದಿನ ಭಾನುವಾರವೂ ಮದ್ದು ಇರುತ್ತದೆ, ಬನ್ನಿ ಎಂದೆ. ಎಲ್ಲರಿಗೂ ಕೊಟ್ಟು ಕಳಿಸಿದ ಮೇಲೆ, ಸುಳ್ಳು ಹೇಳುವುದಿಲ್ಲ, ನಿನಗೆಂದು ಅರೆಯುವುದಕ್ಕೆ ಕೂತೆ. ಅವ್ವನ ತಾಮ್ರದ ಚೆಂಬು ಎದುರಿಗಿಟ್ಟುಕೊಂಡು, ಬೇರನ್ನು ಅಂಗೈ ಮೇಲೆ ಹಾಕಿಕೊಂಡೆ. ಹನ್ನೊಂದು ಜನರಿಗೆ ಕಣ್ಣು ಮುಚ್ಚಿ ತೂಗಿದ ಕೈ ಇದು. ನೀನು ಬೋರ್ಡು ಹಿಡಿದು ಬಗ್ಗಿದ್ದು ಕಣ್ಣ ಮುಂದೆ ಬಂತು. ಇಷ್ಟು ಸಾಲದು ಎನ್ನಿಸಿತು, ಒಂದು ಚಿಟಿಕೆ ಹಾಕಿದೆ. ಇನ್ನೊಂದು ಹಾಕಿದೆ. ಮೂರನೆಯದಕ್ಕೆ ಕೈ ಹೋದಾಗ ತಾಹೇರಾ ಹಿಡಿದುಕೊಂಡಳು. ಅವ್ವ ಹೇಳಿದ್ದು ಬರೀ ಕಟ್ಟಳೆಯಲ್ಲ ಚಲುವ. ಎಲ್ಲವನ್ನೂ ಒಲೆಗೆ ಹಾಕಿದೆ.

ಬೇರಿನ ಗಂಟು ಕಟ್ಟಿ ಆಗಲೇ ಮದ್ದೂರಿನ ಬಸ್ಸಿನಲ್ಲಿ ಮುದ್ದಮ್ಮನಿಗೆ ಕಳಿಸಿದ್ದೇನೆ, ಪೂರಿಗಾಲಿಯ ಮಗ ಬರುತ್ತಾನೆ ಎಂದು ಹೇಳಿ. ಗಾಡಿ ಬೇಡ. ಗುರುವಾರ ನಾನೇ ಗ್ಯಾರೇಜಿನ ಲಾರಿ ತರುತ್ತೇನೆ, ಹಿಂದೆ ಹುಲ್ಲು ಹಾಸಿ ಮಲಗಿಸಿಕೊಂಡು ಹೋಗುತ್ತೇನೆ. ಮೂರು ತಿಂಗಳು ಪಥ್ಯ ಇಲ್ಲೇ, ನಮ್ಮ ಮನೆಯಲ್ಲಿ. ಬೂದುಗುಂಬಳ ತಂದಾಗಿದೆ. ಎಲೆ ಅಡಿಕೆ ಹಿಡಿದುಕೊಂಡು ನನ್ನ ಜಗಲಿಗೆ ಬಂದರೆ ಕಾಲು ಮುರಿಯುತ್ತೇನೆ.

ಹೊರಗಿನವನು ಎಂದು ಇನ್ನೊಂದು ಸಲ ಬರೆಯಬೇಡ. ನಿಂಗೆ ನಾನು ಕೊಡಾಕಿಲ್ಲ ಕಣ್ಲಾ. ಆತಗೂರಿಗೆ ಓಗು.

ಬೆಟ್ಟಮ್ಮನ ಮಗ
ಖಾಸಿಂ